ಮಾರುವ ಮೊದಲು ಒಂದು ಸಣ್ಣ ಕಾರು

೨೧ ನವೆಂಬರ್ ೨೦೨೫, ಸಂಜೆ

ಮತ್ತೆ ಫ್ಯಾಕ್ಟರಿ ಬಸ್ಸು. ಕಿಟಕಿ ಸೀಟು ಖಾಲಿ ಇದ್ದರೂ ನಿಂತೇ ಬಂದೆ. ಸಮೀರವಾಡಿಯಿಂದ ರಬಕವಿ ತನಕ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದೊಂದಕ್ಕೆ ಎರಡೆರಡು ಟ್ರೇಲರು, ಹಿಂದಿನ ಲೈಟು ದೇವರಿಗೇ ಪ್ರೀತಿ. ಕಣ್ಣು ಮುಚ್ಚಿಕೊಂಡಿದ್ದೆ. ಲ್ಯಾಬಿನಲ್ಲಿ ದಿನವೆಲ್ಲ ಕಬ್ಬಿನ ರಸ ಟೆಸ್ಟ್ ಮಾಡುವವನು, ಕಬ್ಬಿನ ಗಾಡಿ ಕಂಡರೆ ಮುಖ ತಿರುವುತ್ತೇನೆ. ಎಂಥ ನೌಕರಿ!

ಮನೆಗೆ ಬಂದರೆ ರಾಧಿಕಾ ಚಹಾದ ಜೊತೆ ಮಾತನ್ನೂ ಕಾಸಿ ಇಟ್ಟಿದ್ದಳು.

"ರೀ, ಕಾರು ನಿಂತು ವರ್ಷ ಆಗಾಕ ಬಂತು. ನಡಸ್ರಿ, ಇಲ್ಲಾ ಮಾರ್ರಿ. ಕಾರಿಗೆ ಮುಚ್ಚಿದ ತಾಡಪತ್ರಿ ಒಳಗ ಇಲಿ ಸಂಸಾರ ಹೂಡ್ಯಾವು."

ಮುಧೋಳದ ಈರಪ್ಪ ಅನ್ನುವವರು ಕೇಳಿದ್ದಾರಂತೆ. ಜನವರಿಯಲ್ಲಿ ಅವರಾತ್ರಿ ಅಮಾವಾಸ್ಯೆ ಕಳೆದ ಮೇಲೆ ಬಂದು ಒಯ್ಯುತ್ತಾರಂತೆ.

ಆಗಲಿ ಅಂದೆ. ಆಗಲಿ ಅಂದವನಿಗೆ ಊಟ ಸೇರಲಿಲ್ಲ.

೨೩ ನವೆಂಬರ್, ರವಿವಾರ

ಒಮ್ಮೆ ಬರೆದು ಹಾಕಿಬಿಡುತ್ತೇನೆ. ಕಳೆದ ಫೆಬ್ರವರಿ. ಮುಧೋಳದಲ್ಲಿ ಮದುವೆ ಮುಗಿಸಿ ಬರುತ್ತಿದ್ದೆ. ಹೊತ್ತು ಮುಳುಗುವ ಸಮಯ. ತಿರುವಿನಲ್ಲಿ ಪಂಕ್ಚರ್ ಆದ ಕಬ್ಬಿನ ಟ್ರೇಲರು ರಸ್ತೆ ಮೇಲೇ ನಿಂತಿತ್ತು. ಲೈಟಿಲ್ಲ, ಗುರುತಿಗೆ ಒಂದು ಟೊಂಗೆಯೂ ಇಲ್ಲ. ಹೋಗಿ ಅದಕ್ಕೇ ಗುದ್ದಿದೆ. ಹಿಂದಿನ ಸೀಟಿನಲ್ಲಿ ಅವ್ವ. ಅವಳ ಹೆಗಲಿನ ಎಲುಬು ಮುರಿಯಿತು. ನನಗೆ ಒಂದು ಗೀರೂ ಇಲ್ಲ. ನಿನ್ನ ತಪ್ಪಲ್ಲ ಅಂತ ಪೊಲೀಸರು ಅಂದರು, ಅವ್ವನೂ ಅಂದಳು.

ಅವ್ವನ ಎಲುಬು ಕೂಡಿತು. ಕಾರೂ ರಿಪೇರಿ ಆತು. ನನ್ನ ಕಾಲು ಮಾತ್ರ... ಆಮೇಲೆ ಒಂದು ಸಲ ಡ್ರೈವರ್ ಸೀಟಿನಲ್ಲಿ ಕೂತೆ. ಕೀಲಿ ತಿರುವುವ ಮೊದಲೇ ಬಲಗಾಲು ತಾನಾಗಿ ಬ್ರೇಕ್ ಒತ್ತಿ ಹಿಡಿಯಿತು. ಬಿಡು ಅಂದರೆ ಬಿಡಲಿಲ್ಲ. ಅಂಜಿಕೆ. ಅಷ್ಟೇ ಅದರ ಹೆಸರು.

ಇವತ್ತು ಅಟ್ಟದ ಮೇಲೆ ಹಳೆಯ ಡಬ್ಬಿ ಸಿಕ್ಕಿತು. ಬ್ಲೇಡು, ಉಕ್ಕಿನ ಪಟ್ಟಿ, ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಗಾಲಿಗಳು. ಈಗ ಕಲ್ಲಿನಷ್ಟು ಗಟ್ಟಿ. ಹುಡುಗನಿದ್ದಾಗ, ಸಾಲಿಗೆ ಹೋಗುವಾಗ ಇದೇ ಹುಚ್ಚು. ಸೀರೆ ಬಾಕ್ಸಿನ ರಟ್ಟಿನಲ್ಲಿ ಕಾರು. ಸುಮ್ಮನೆ ಅಂದಾಜಿನ ಮೇಲಲ್ಲ, ಅಳತೆ ಪ್ರಕಾರ. ಡಾಕ್ಟರ ಅಂಬಾಸಿಡರ್ ಊರೊಳಗೆ ನಿಂತಾಗ ನೂಲು ಹಿಡಿದು ಅಳೆಯುತ್ತಿದ್ದೆ. ಎರಡು ಫೂಟಿಗೆ ಒಂದು ಅಂಗುಲ.

ಮಾರುವ ಮೊದಲು ನಮ್ಮ ಕಾರಿನದೂ ಒಂದು ಮಾಡಿಡಬೇಕು. ಗುರುತಿಗೆ.

೩೦ ನವೆಂಬರ್

ತಾಡಪತ್ರಿ ತೆಗೆದೆ. ಇಲಿ ಖರೆ. ಟೇಪು ಹಿಡಿದು ಹೊರಗಿನದೆಲ್ಲ ಅಳೆದೆ. ಬಾನೆಟ್ಟು, ಬಾಗಿಲು, ಗಾಲಿ. ಬಾಗಿಲು ತೆಗೆಯಲಿಲ್ಲ.

ರಟ್ಟು ಕೊಯ್ಯಲು ಕೂತರೆ ಬೆರಳಿಗೆ ಏನೂ ನೆನಪಿಲ್ಲ. ಮೊದಲನೆಯ ಬಾಗಿಲು ಅಂಕುಡೊಂಕು. ಎರಡನೆಯದು ಪರವಾಗಿಲ್ಲ. ಚಹಾ ಆರಿ ತಣ್ಣಗಾಗಿತ್ತು, ಗೊತ್ತೇ ಆಗಲಿಲ್ಲ. ಎಷ್ಟು ದಿನ ಆಗಿತ್ತು ಹೀಗೆ ಚಹಾ ಮರೆತು.

೭ ಡಿಸೆಂಬರ್

ಬಾಡಿ ನಿಂತಿತು! ಅಂಗೈ ಮೇಲೆ ಇಟ್ಟುಕೊಂಡು ಪಡಸಾಲೆ ತುಂಬ ತಿರುಗಿದೆ. ಐವತ್ತರ ಹತ್ತಿರ ಬಂದ ಗಂಡಸು.

ಅವ್ವ ಅದನ್ನು ಬೆಳಕಿಗೆ ಎತ್ತಿ ಹಿಡಿದಳು. ನಮ್ಮವ್ವ ತಾರವ್ವ ಮಗ್ಗದ ಮುಂದೆ ಜನ್ಮ ಕಳೆದವಳು, ಸೀರೆಯಾದರೂ ಅಷ್ಟೇ, ಅಳಿಯನಾದರೂ ಅಷ್ಟೇ, ಮೊದಲು ನೋಡುವುದು ಐಬು.

"ಒಳಗ ಏನೂ ಇಲ್ಲಲ್ಲೋ ಪರಮಾ. ನಾ ಎಲ್ಲಿ ಕುಂದರ್ಲಿ?"

"ಇದು ಮಾಡೆಲ್ ಬೇ."

"ಏನರ ಇರಲಿ. ಸೆರಗ ಇಲ್ಲದ ಸೀರಿ ಯಾರರ ನೇಯ್ತಾರೇನು?"

ಸೀಟು ಮಾಡಬೇಕು. ಸೀಟು ಅಂದರೆ ಅಳತೆ. ಅಳತೆ ಅಂದರೆ ಬಾಗಿಲು ತೆಗೆಯಬೇಕು.

೧೪ ಡಿಸೆಂಬರ್, ಮಧ್ಯಾಹ್ನ

ಮೊದಲು ಹಿಂದಿನ ಬಾಗಿಲು. ಅವ್ವನ ಸೀಟು ಅಳೆದೆ. ಆಮೇಲೆ ಮುಂದಿನ ಎಡಗಡೆಯದು. ಸ್ಟೇರಿಂಗ್ ಮಾತ್ರ ಹೊರಗೆ ನಿಂತು ಅಳೆಯಲು ಬರಲಿಲ್ಲ. ಬಲಗಡೆಯ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟೆ. ಇನ್ನೊಂದು. ಸ್ಟೇರಿಂಗ್ ಅಗಲ, ಡ್ಯಾಶ್‌ಬೋರ್ಡ್, ಗೇರಿನ ಎತ್ತರ... ಎಲ್ಲ ಬರೆದುಕೊಂಡು ಪೆನ್ನು ಕಿವಿಗೆ ಸಿಕ್ಕಿಸಿಕೊಂಡೆ. ಆಗ ಗಮನಿಸಿದೆ, ಡ್ರೈವರ್ ಸೀಟಿನಲ್ಲಿ ಕೂತಿದ್ದೇನೆ. ಕಾಲು ಸುಮ್ಮನಿದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಒತ್ತಿ ಹಿಡಿದೀತು ಅಂತ ಹೆದರಿಕೆ.

೪ ಜನವರಿ ೨೦೨೬

ಬರೆಯದೆ ಬಹಳ ದಿನ ಆತು. ಎಳ್ಳಮಾಸೆ ಆತು, ಹೊಸ ವರ್ಷ ಆತು. ಪೇಂಟು, ಒಣಗಿಸುವುದು, ಮತ್ತೆ ಪೇಂಟು. ಗಾಲಿಯ ಅಚ್ಚಿಗೆ ಹಳೆ ಛತ್ರಿಯ ಕಡ್ಡಿ. ಹೆಡ್‌ಲೈಟಿಗೆ ಕುಪ್ಪಸದ ಮಿಂಚಿನ ಟಿಕಳಿ. ರಾಧಿಕಾ ಬೆಳಿಗ್ಗೆಯಿಂದ ಎಡಗಾಲಿನ ಹವಾಯಿ ಚಪ್ಪಲಿ ಹುಡುಕುತ್ತಿದ್ದಾಳೆ. ಅದರ ಹಿಮ್ಮಡಿ ಈಗ ನಾಲ್ಕು ಗಾಲಿ ಆಗಿದೆ. ಇನ್ನೂ ಗೊತ್ತಾಗಿಲ್ಲ.

೧೧ ಜನವರಿ

ಬ್ಯಾಟರಿ ಸತ್ತಿತ್ತು. ಮೆಕ್ಯಾನಿಕ್ ಲಗಮಪ್ಪ ಹೊಸದು ಹಾಕಿಹೋದ. ಒಯ್ಯುವವರಿಗೆ ಚಾಲೂ ಇರಲಿ ಅಂತ ನೆಪ. ಶುರು ಮಾಡಿದೆ. ಫಸ್ಟ್ ಗೇರು. ಅಂಗಳದಿಂದ ಗೇಟಿನ ತನಕ ಬಂತು! ಅಷ್ಟರಲ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದು. ಕಾಲು ಬ್ರೇಕಿಗೆ ಹೋಗಿ ಅಲ್ಲೇ ಕೂತಿತು. ಟ್ರ್ಯಾಕ್ಟರ್ ದಾಟಿಹೋದರೂ ಏಳಲಿಲ್ಲ. ರಾಧಿಕಾ ಬಂದು ಕೀಲಿ ತಿರುವಿ ಬಂದ್ ಮಾಡಿದಳು. ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಚಹಾಕ್ಕೆ ಇಟ್ಟಳು, ಅದೇ ಹೆಚ್ಚು ನೋವಾತು.

ಗೇಟಿನ ತನಕದ ಡ್ರೈವರು ನಾನು. ಮಾರಿಬಿಡುವುದೇ ಛಲೋ.

೧೮ ಜನವರಿ, ಅವರಾತ್ರಿ ಅಮಾವಾಸ್ಯೆ

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಅಮಾವಾಸ್ಯೆ ಬಂತೆಂದರೆ ನಮ್ಮಲ್ಲಿ ಗಾಡಿಗಳಿಗೆಲ್ಲ ಪೂಜೆ. ರಾಧಿಕಾ ಸ್ಕೂಟಿಗೂ ಕಾರಿಗೂ ಮಾಡಿದಳು. ಕಾರಿನ ಗಾಲಿಗಳ ಕೆಳಗೆ ನಿಂಬೆಹಣ್ಣೂ ಇಟ್ಟಳು, ಪದ್ಧತಿ ಬಿಡಬಾರದು ಅಂತ. ಒಳಗೆ ಬಂದು ನೋಡುತ್ತೇನೆ, ದೇವರ ಮುಂದೆ ನನ್ನ ಮಾಡೆಲ್! ಬೆಳ್ಳನೆಯ ಪೇಂಟಿನ ಮೇಲೆ ಅರಿಷಿಣ, ಕುಂಕುಮ, ಬಾನೆಟ್ಟಿನ ಮೇಲೆ ವಿಭೂತಿ. ಗಾಲಿಗೊಂದರಂತೆ ಬಾರಿಹಣ್ಣು, ಎಲಚಿ ಅಂತಾರಲ್ಲ, ಅದು.

"ಅವ್ವಾ, ಏನ್ ಮಾಡಾಕತ್ತಿ?"

"ಸಣ್ಣ ಗಾಡಿಗೆ ಸಣ್ಣ ನಿಂಬಿ. ನೀನು ಹಂಗ ಬಿಟ್ಟಿ ಅಂತ ನಾ ಬಿಡ್ಲೇನು?"

ಅಂದವಳೇ ಅಂಗೈಯಿಂದ ಅದುಮಿ ದೂಡಿದಳು. ನಿಂಬೆಹಣ್ಣು ಅಪ್ಪಚ್ಚಿ ಆಗುತ್ತದೆ. ಬಾರಿಹಣ್ಣಿನೊಳಗೆ ಕಲ್ಲಿನಂಥ ಬೀಜ ಇರುತ್ತದೆ. ಲಟಕ್ ಅಂತ ಮುಂದಿನ ಅಚ್ಚು ಮುರಿಯಿತು. ಎಡಗಾಲಿ ಹಾರಿ ಒಳಕಲ್ಲಿನ ಹಿಂದೆ ಹೋಯಿತು.

ಬಾಗಿಲಲ್ಲಿ ನಿಂತ ರಾಧಿಕಾ ನನ್ನ ಮುಖ ನೋಡುತ್ತಿದ್ದಳು. ಇಷ್ಟು ವಾರದ ಕೆಲಸ.

ಅವ್ವ ಮುರಿದ ಕಾರನ್ನು ನೋಡಿದಳು. ನನ್ನನ್ನು ನೋಡಿದಳು. ಹೆಗಲು ನೀವಿಕೊಂಡಳು.

"ತಲಿಗೆ ಬಂದದ್ದು ಮುಂಡಾಸಕ್ಕ ಹೋತು. ದೊಡ್ಡದಕ್ಕ ಬರೂದು ಏನಿತ್ತು ಎಲ್ಲಾ ಸಣ್ಣದು ತಗೊಂತು. ಏಳು, ಗಾಡಿ ತಗಿ."

ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು. ಬಿ.ಎಸ್ಸಿ. ಮಾಡಿದವನು ನಾನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಕಾಲು ನಂಬಿತೋ ಏನೋ. ಎದ್ದು ಕೀಲಿ ತೆಗೆದುಕೊಂಡೆ.

ಅವ್ವ ಹಿಂದಿನ ಬಾಗಿಲ ಹತ್ತಿರವೂ ಹೋಗಲಿಲ್ಲ. "ಮುಂದ ಕುಂದರ್ತೇನಿ. ಏನ್ ಬರ್ತೈತಿ ನಾನೂ ನೋಡ್ತೇನಿ." ರಾಧಿಕಾ ಹಿಂದೆ. ನಿಂಬೆಹಣ್ಣು ಪಚಕ್ ಅಂದವು. ಗೇಟು ದಾಟಿತು. ಪವರ್‌ಲೂಮ್ ಎಲ್ಲ ಬಂದ್, ಊರು ಗಪ್‌ಚಿಪ್. ಹೊಳೆಯ ರಸ್ತೆಗೆ ತಿರುಗಿದರೆ ಎದುರಿಗೇ ಬಂತು, ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು. ಕಾಲು ಬ್ರೇಕಿನ ಮೇಲೆ ಹೋಯಿತು. ಬದಿಗೆ ನಿಲ್ಲಿಸಿದೆ. ಅವ್ವ ಕೈ ಚಾಚಿ ಹಾರ್ನ್ ಒತ್ತಿದಳು, ಒತ್ತಿಯೇ ಹಿಡಿದಳು.

"ಸರಿಯೋ ಲೇ! ನನ್ನ ಮಗಾ ಹೊಂಟಾನ!"

ಟ್ರ್ಯಾಕ್ಟರು ದಾಟಿತು. ಕಾಲು ಎತ್ತಿದೆ. ಎದ್ದಿತು.

ಹೊಳೆ ದಂಡೆಯಲ್ಲಿ ಮೂವರೂ ಸ್ವಲ್ಪ ಹೊತ್ತು ಕೂತಿದ್ದೆವು. ಎದೆ ಮೇಲಿನ ಕಲ್ಲು ಇಳಿದ ಹಾಗಾತು. ಎಷ್ಟು ಹಗುರ ಅಂದರೆ ಹಸಿವಾತು, ಮನೆಗೆ ಬಂದು ಹೋಳಿಗೆ ಮೇಲೆ ಹೋಳಿಗೆ ಹೊಡೆದೆ.

ಅದೇ ದಿನ, ಸಂಜೆ

ಈರಪ್ಪನವರಿಗೆ ಫೋನ್ ಮಾಡಿದೆ. "ಕೊಡೂದಿಲ್ಲರಿ, ತಪ್ಪು ತಿಳ್ಕೋಬ್ಯಾಡ್ರಿ." ಪಕ್ಕದಲ್ಲಿ ರಾಧಿಕಾ ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದಳು. ಆಮೇಲೆ ಮಾಡೆಲ್ ಎತ್ತಿಕೊಂಡು ಉಳಿದ ಗಾಲಿಗಳನ್ನು ಮೂಸಿ ನೋಡಿದಳು.

"ರೀ... ಇದು ನನ್ನ ಚಪ್ಪಲ್ ಅಲ್ಲೇನ್ರಿ?"

೧೯ ಜನವರಿ, ಬೆಳಿಗ್ಗೆ

ಫ್ಯಾಕ್ಟರಿ ಬಸ್ಸು ಹೋಯಿತು. ಹೋಗಲಿ. ದಾರಿಯಲ್ಲಿ ಬನಹಟ್ಟಿಗೆ ಒಂದು ಸುತ್ತು, ಅವ್ವನನ್ನು ಅವಳ ತಂಗಿ ಸಾವಕ್ಕನ ಮನೆಗೆ ಬಿಡಬೇಕು. ಮುರಿದ ಅಚ್ಚು ಕೂಡಿಸಬ್ಯಾಡ ಅಂದಿದ್ದಾಳೆ, ಹಾಗೇ ಇರಲಿ ಅಂತ. ಮೂರು ಗಾಲಿಯ ಕಾರು ಟಿ.ವಿ. ಮೇಲೆ ವಾಲಿಕೊಂಡು ನಿಂತಿದೆ, ಕುಂಕುಮ ಸಮೇತ.

ಹೊರಗೆ ಹಾರ್ನ್. ಅವ್ವ ಆಗಲೇ ಹೋಗಿ ಮುಂದೆ ಕೂತಿದ್ದಾಳೆ. ನನ್ನ ಎಡಗಾಲಿನ ಚಪ್ಪಲಿ ಕಾಣುತ್ತಿಲ್ಲ. ರಾಧಿಕಾ ಒಳಗೆ ಮುಸಿಮುಸಿ ನಗುತ್ತಿದ್ದಾಳೆ. ಮತ್ತೆ ಹಾರ್ನ್. ಬಂದೆ ಬೇ, ಬರಿಗಾಲಲ್ಲೇ ಬಂ—