ಬರ್ತೀನಿ ಅಂದದ್ದು

ನೂರ್‌ಬ್ರುಕ್, ಸ್ವೀಡನ್
೧೪ ಮಾರ್ಚ್ ೨೦೨೬

ಪ್ರೀತಿಯ ರಾಮದಾಸ ಮಾವಾ,

ಮಂಡಿನೋವು ಹೇಗಿದೆ? ಅಂಗಡಿಯಲ್ಲಿ ಈಗಲಾದರೂ ಸ್ಟೂಲಿನ ಮೇಲೆ ಕೂರುತ್ತೀರೋ, ಗಿರಾಕಿ ಬಂದರೆ ಎದ್ದು ನಿಲ್ಲಲೇಬೇಕೆಂಬ ಹಟವೋ? ಅತ್ತೆಯ ಮಾತು ಸ್ವಲ್ಪ ಕೇಳಿ. ನಿಮ್ಮ ಅಳಿಯಂದಿರು ಭಾಸ್ಕರ ದಿನಾ ರೈಲಿನಲ್ಲಿ ಸ್ಯಾಂಡ್‌ವಿಕೆನ್ನಿನ ಕಾರ್ಖಾನೆಗೆ ಹೋಗಿ ಬರುತ್ತಾರೆ. ನನ್ನ ಡಾಗಿಸ್, ಅಂದರೆ ಶಿಶುವಿಹಾರದ ಕೆಲಸವೂ ಚೆನ್ನಾಗಿದೆ. ಶಿಶುವಿಹಾರದ ಮುಂದಿನ ಇಳಿಜಾರಿನಲ್ಲಿ ಮಂಜುಗಡ್ಡೆ ಕಟ್ಟಿ ಮಕ್ಕಳೂ ತಾಯಂದಿರೂ ಜಾರಿ ಬೀಳುತ್ತಾರೆ, ಅದೊಂದೇ ಸಂಕಟ.

ಈ ಊರಿನಲ್ಲಿ ನೂರೈವತ್ತು ವರ್ಷದ ಹಿಂದೆ ಲಾರ್ಸ್ ನೂರ್ಲಿಂಗ್ ಎಂಬ ವ್ಯಾಪಾರಿಯಿದ್ದ. ಉಪ್ಪು, ಉಪ್ಪುಮೀನು, ಸೀಮೆಎಣ್ಣೆ ಮಾರುತ್ತಿದ್ದ ಅವನ ಅಂಗಡಿಯನ್ನು ಈಗ ನೋಡುವವರಿಗಾಗಿ ಹಾಗೆಯೇ ಇಟ್ಟಿದ್ದಾರೆ. ಕಳೆದ ಭಾನುವಾರ ಹೋಗಿದ್ದೆವು. ಮಾವಾ, ಮನುಷ್ಯ ಥೇಟ್ ನೀವೇ! ಅಂಗಡಿಯೆದುರಿನ ಕೆಸರಿನಲ್ಲಿ ಗಾಡಿಗಳು ಹೂತುಹೋಗುತ್ತಿದ್ದವಂತೆ. ಕಲ್ಲು ಹಾಕಿಸಿ ಎಂದು ಊರಸಭೆಗೆ ಜಗಳಕ್ಕೆ ಹೋದವನನ್ನು, ಅಷ್ಟು ಗೊತ್ತಿದ್ದರೆ ನೀನೇ ಮಾಡು ಎಂದು ಅವರು ಸಭೆಯ ಸದಸ್ಯನನ್ನಾಗಿಯೇ ಕೂರಿಸಿಬಿಟ್ಟರು. ರಸ್ತೆಯಾಯಿತು. ಬಡವರ ಮಕ್ಕಳಿಗೆ ಶಾಲೆ ಕೇಳಿದಾಗ ಸಿರಿವಂತ ಗಿರಾಕಿಗಳು ಮುನಿಸಿಕೊಂಡು ಅಂಗಡಿ ಬಿಟ್ಟರು. ಅವನು ಶಾಲೆ ಬಿಡಲಿಲ್ಲ. ಕೊನೆಗೆ ಸ್ಟಾಕ್‌ಹೋಮಿನ ಸಂಸತ್ತಿಗೂ ಹೋದ. ಅಧಿವೇಶನ ಮುಗಿದರೆ ಮತ್ತೆ ಬಂದು ಗಲ್ಲಾದ ಹಿಂದೆ ನಿಲ್ಲುತ್ತಿದ್ದನಂತೆ. ಉಪ್ಪಿಗೆ ಬಂದವರನ್ನೂ ಅಹವಾಲು ತಂದವರನ್ನೂ ಕೇಳುತ್ತಿದ್ದುದು ಒಂದೇ ಮಾತು, ಏನು ಬೇಕಿತ್ತು ಅಂತ.

ಅದನ್ನು ಕೇಳಿ ನನ್ನ ಕಣ್ಣು ತುಂಬಿತು. "ಏನ್ ಬೇಕಿತ್ತಮ್ಮಾ?" ಎನ್ನುವ ನಿಮ್ಮ ದನಿ ಕೇಳುತ್ತಲೇ ಅಲ್ಲವೇ ನಾನು ಬೆಳೆದದ್ದು? ಅಪ್ಪ ತೀರಿಕೊಂಡ ಮೇಲೆ ಯಾರ ಎದುರೂ ಬಾಯಿ ಬಿಡದಿದ್ದ ನನ್ನನ್ನು ಅರಸೀಕೆರೆಗೆ ಕರೆತಂದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಗುರುತಿಲ್ಲದವರ ಜೊತೆ ಮಾತಾಡುವುದನ್ನು ಕಲಿಸಿದಿರಿ. ನೆರೆಯವರೂ ತಲೆಯಾಡಿಸಿಯೇ ಮಾತು ಮುಗಿಸುವ ಈ ಊರಿನಲ್ಲಿ ನನ್ನ ಕೈ ಹಿಡಿದದ್ದು ಅದೇ. ಆ ಋಣ ತೀರುವಂಥದ್ದಲ್ಲ. "ಅಂಗಡಿಯವನಿಗೆ ಪಕ್ಷ ಇರಬಾರ್ದು ಕಣೇ" ಎಂಬ ನಿಮ್ಮ ಮಾತೂ ಮರೆತಿಲ್ಲ. ಅದಕ್ಕೇ ಇಷ್ಟು ಸುತ್ತಿ ಬಳಸಿ ಬರೆಯುತ್ತಿದ್ದೇನೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಅಂಗಡಿಯಲ್ಲೇ ಬೆಳೆದ,
ನೈನಾ

ತಾ.ಕ.: ಮೊನ್ನೆ ಇಲ್ಲಿನ ಒಂದು ಪಕ್ಷದ ಸಭೆಗೆ ಹೋಗಿ ಆ ಇಳಿಜಾರಿನ ವಿಷಯ ಜೋರಾಗಿಯೇ ಹೇಳಿದೆ. ಊರಿನ ಚುನಾವಣೆಗೆ ನಮ್ಮ ಜೊತೆ ಬರುತ್ತೀಯಾ ಎಂದು ಕೇಳಿದರು. ಪೌರತ್ವವಿಲ್ಲದಿದ್ದರೂ ಮೂರು ವರ್ಷ ಇಲ್ಲಿದ್ದವರು ನಿಲ್ಲಬಹುದಂತೆ. ತಪ್ಪಿಸಿಕೊಳ್ಳಲು ಕೋಟು ಹಾಕಿಕೊಂಡು, ನಮ್ಮ ಅಭ್ಯಾಸದಂತೆ "ಬರ್ತೀನಿ" ಅಂದೆ, ಅದೂ ಸ್ವೀಡಿಷ್‌ನಲ್ಲಿ! ಹೊರಟವರು ಹಾಗನ್ನುತ್ತಾರೆಂದು ಅವರಿಗೇನು ಗೊತ್ತು? ಒಪ್ಪಿದಳೆಂದು ಚಪ್ಪಾಳೆ ತಟ್ಟಿ ಅಭ್ಯರ್ಥಿಗಳ ಪಟ್ಟಿಗೆ ಹೆಸರು ಸೇರಿಸಿಯೇಬಿಟ್ಟರು. ಈಗಲೂ ಬೇಡವೆನ್ನಬಹುದು. ಆದರೆ ನಾನು ಅನ್ನುವುದಿಲ್ಲ ಮಾವಾ. ಫೋನ್ ಮಾಡಿ ಎಷ್ಟು ಬೇಕಾದರೂ ಬಯ್ಯಿರಿ. ಇಡುವ ಮುಂಚೆ ಮಾತ್ರ "ಹೋಗಿ ಬಾ" ಅನ್ನಿ.