ಕುಚ್ಚಿನ ಹಿಂದಿನ ಕಣ್ಣು

ಲೇ ಮಲಕಾರಿ,

ನಮ್ಮ ಕುದರಿ ಬಿಜಲಿಗೆ ಮಂದಿ ಕೆಟ್ಟ ಕಣ್ಣು ಬಿದ್ದು ನೆದರು ಆಗೈತಿ, ಅದಕ್ಕ ಹಣಿಗೆ ಕುಚ್ಚು ಕಟ್ಟೀನಿ ಅಂದಿ. ನೆದರಿಗೆ ಕಟ್ಟಿದ ಕುಚ್ಚು ಬರೇ ಎಡಗಣ್ಣಿನ ಮ್ಯಾಲ ಯಾಕ ಇಳಿಬಿಟ್ಟಿ? ಮುಂಜಾನೆ ಎತ್ತಿ ನೋಡೀನಿ. ಪಾಪ, ಕುದರಿಗೆ ಕಣ್ಣು ತೆರ್ಯಾಕ ಆಗವಲ್ದು. ನೀರು ಸುರ್ಯಾಕತ್ತೈತಿ, ಗುಡ್ಡಿ ಮ್ಯಾಲ ಬಿಳಿ ಪೊರಿ ಬಂದೈತಿ.

ನಾಳೆ ನೋಡೂಣು ಅನಬ್ಯಾಡ. ತಿಕೋಟಾದ ದನದ ಡಾಕ್ಟರಿಗೆ ಫೋನ್ ಮಾಡೀನಿ, ಮಧ್ಯಾಹ್ನ ಬರ್ತಾರ. ಅಲ್ಲೀತನಕ ನೆರಳಾಗ ಕಟ್ಟು. ಅವ್ವನ ಕಣ್ಣಿನ ಔಷಧ ಹಾಕಬ್ಯಾಡ. ಬಾಟ್ಲಿ ಅರ್ಧ ಖಾಲಿ ಆಗೈತಿ. ಆಗಲೇ ಹಾಕಿದ್ರ ಡಾಕ್ಟರ್ ಮುಂದಾದ್ರೂ ಖರೇ ಹೇಳು.

ಜಲನಗರದ ಮದುವಿಯವರಿಗೆ ಇವತ್ತ ಸಂಜಿ ಮೆರವಣಿಗಿಗೆ ಕುದರಿ ಬರೂದಿಲ್ಲ ಅಂತ ಹೇಳಿಬಿಡು. ನೀ ನನಗ ಹೂಂ ಅಂದು ಆಮ್ಯಾಲ ಕುದರಿ ಒಯ್ತಿ, ನನಗ ಗೊತ್ತೈತಿ. ಅದಕ್ಕ ಲಗಾಮು ನನ್ನ ಚೀಲದಾಗ ಹಾಕ್ಕೊಂಡು ಬಸ್ಸಿಗೆ ಹೊಂಟೀನಿ.

ಅಕ್ಕ