ಇನ್ನೊಂದ್ಸಲ

ವಾರ್ಡನ್ ಮೇಡಂ ಅವರಿಗೆ ನಮಸ್ಕಾರ.

ಸೋಮವಾರ ನನ್ನ ತಮ್ಮನನ್ನು ನಿಮ್ಮ ವಸತಿಗೃಹಕ್ಕೆ ಕರೆತರುತ್ತೇನೆ. ವಯಸ್ಸು ಐವತ್ತು ದಾಟಿದರೂ ಅವನಿಗೆ ಒಂದೇ ಒಂದು ಮಾತು ಬರುತ್ತದೆ. ಅವನ ಸಲುವಾಗಿಯೇ ನಾನು ವಿಶೇಷ ಶಿಕ್ಷಣ ಓದಿದೆ, ಪ್ರೊಫೆಸರೂ ಆದೆ. ಮಕ್ಕಳ ವರ್ತನೆ ತಿದ್ದುವ ಬಗ್ಗೆ ನಾನು ಬರೆದ ಪುಸ್ತಕವನ್ನು ಮೊನ್ನೆ ಬಂದಾಗ ನಿಮ್ಮ ಕಪಾಟಿನಲ್ಲಿ ಕಂಡೆ. ದಯವಿಟ್ಟು ಅದನ್ನು ಇವನ ಮೇಲೆ ಪ್ರಯೋಗಿಸಬೇಡಿ. ಪಾಪ, ಬರೆದವಳ ಕೈಯಲ್ಲೇ ಸಾಕಷ್ಟು ಅನುಭವಿಸಿದ್ದಾನೆ.

ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಮೇಲೆ ಕೆಳಗೆ ಆದರೆ ಹಾಗೇ ಬಿಡಿ. ಮಿಕ್ಸಿ ಸದ್ದಿಗೆ ಹೆದರುತ್ತಾನೆ.

ಅವನ ಆ ಒಂದು ಮಾತು “ಇನ್ನೊಂದ್ಸಲ.” ಪಾಠ ಹೇಳುವಾಗ ಅವನು ತಪ್ಪಿದಾಗಲೆಲ್ಲ ನಾನು ಹೇಳುತ್ತಿದ್ದ ಮಾತು ಅದು. ಈಗ ಹಾಲು ಚೆಲ್ಲಿದರೂ, ಚಪ್ಪಲಿ ಅದಲುಬದಲಾದರೂ, ಯಾರಾದರೂ ಅತ್ತರೂ ಅದನ್ನೇ ಹೇಳುತ್ತಾನೆ.

ಡಾಕ್ಟರು ನನಗೆ ಹೇಳಿದ ಗಡುವು ನಿಮಗೆ ಗೊತ್ತೇ ಇದೆ. ಅವನನ್ನು ಬಿಟ್ಟುಹೋದ ಮೇಲೆ ನಾನು ಮತ್ತೆ ಬರಲಾರೆ. ಸೋಮವಾರ ನಾನು ಗೇಟು ದಾಟುವಾಗ ಅವನು ಖಂಡಿತ “ಇನ್ನೊಂದ್ಸಲ” ಅನ್ನುತ್ತಾನೆ. ಅಕ್ಕನನ್ನು ಕರೆಯುತ್ತಿದ್ದಾನೆ ಅಂದುಕೊಂಡು ನಿಮ್ಮ ಆಯಾ “ಬರ್ತಾರೆ ಬಿಡಪ್ಪ” ಎಂದು ಸಮಾಧಾನ ಮಾಡುವುದು ಬೇಡ. ಅವನು ಕರೆಯುತ್ತಿರುವುದಿಲ್ಲ. ಏನೋ ತಪ್ಪಾಯಿತು ಅನ್ನುತ್ತಿರುತ್ತಾನೆ, ಅಷ್ಟೇ.

ಇಷ್ಟೇ ವಿಷಯ.

ಅವನ ಅಕ್ಕ